ಮೀನಿಲ್ಲದ ಕರೆ

ಮಂಗೇಶನ ಮೇಲ್ದವಡೆಯ ಎರಡು ಮುಂದಿನ ಹಲ್ಲುಗಳು ಆ ವರ್ಷದ ಮಳೆಗಾಲದಲ್ಲಿ ಅಲುಗಾಡತೊಡಗಿದವು. ದೀಪಾವಳಿ ಕಳೆಯುವ ಹೊತ್ತಿಗೆ ನಾಲಿಗೆ ತಾಗಿದರೂ ತೂಗುತ್ತಿದ್ದವು. ಕಾರವಾರದ ಹಲ್ಲಿನ ಡಾಕ್ಟರು ನೋಡಿ, "ಸೋಮವಾರ ಬನ್ನಿ, ತೆಗೆದುಬಿಡುವಾ" ಎಂದರು. ಬೇರೆಯವರಿಗಾದರೆ ಇದು ಚಕ್ಕುಲಿ ತಿನ್ನಲಾಗದ ಕಷ್ಟ, ಅಷ್ಟೇ. ಟ್ರಂಪೆಟ್ ಊದುವವನಿಗೆ ಹಾಗಲ್ಲ. ತುಟಿಯ ಹಿಂದೆ ಆ ಹಲ್ಲುಗಳ ಆಸರೆ ಇದ್ದರೇ ಸ್ವರ. ಕಟ್ಟಿಸಿದ ಹಲ್ಲಿಟ್ಟು ಊದುವವರನ್ನು ಮಂಗೇಶ ಮುಂಬಯಿಯಲ್ಲಿ ಕಂಡಿದ್ದ, ಅವರ ಮುಖ ನೋಡಲಾರದೆ ಎದ್ದು ಹೋಗಿದ್ದ.

ಸೋಮವಾರದೊಳಗೆ ಒಮ್ಮೆ ಊದಬೇಕು, ತನ್ನವರೆಂಬುವರು ಒಬ್ಬರಾದರೂ ಕೇಳಿ ಇದು ಮಂಗೇಶನದೇ ಎಂದು ಗುರುತಿಸಬೇಕು. ಅರವತ್ತು ದಾಟಿದ ಆ ಜೀವಕ್ಕೆ ಉಳಿದಿದ್ದ ಆಸೆ ಇದೊಂದೇ.

ತನ್ನವರೆಂದರೆ ಈಗ ತಂಗಿ ಗೋದಾವರಿ ಮಾತ್ರ. ಅವರ ಊರು ಕಾರವಾರದ ದಕ್ಷಿಣಕ್ಕೆ, ಕಡಲಿಗೆ ಆತುಕೊಂಡಿತ್ತು. ನೌಕಾನೆಲೆ ಬಂದ ಮೇಲೆ ಅದು ಎತ್ತರದ ಗೋಡೆಯ ಒಳಗಾಯಿತು. ಜನ ಕೈಗೆ ಸಿಕ್ಕಿದ್ದು ಹಿಡಿದು ಎದ್ದರು. ಗೋದಾವರಿಯಂಥವರು ತೋಡೂರಿನ ಪುನರ್ವಸತಿ ಕಾಲನಿಗೆ ಬಂದರು. ಕೆಲವರು ಕೂಲಿಗೆಂದು ಬೈತಖೋಲದ ಬಂದರಿಗೆ ಹೋದರು. ಮಗಳನ್ನು ಅಂಕೋಲೆಯ ಕೇಣಿಗೆ ಕೊಟ್ಟವರು ಮಗಳ ಬೆನ್ನಿಗೇ ಹೋಗಿ ಅಲ್ಲೇ ಗುಡಿಸಲು ಹಾಕಿದರು. ಮುಂಬಯಿಯಿಂದ ಮಂಗೇಶ ಮರಳಿ ಬಂದಾಗ ಊರಿಗೆ ಹೋಗಲು ಊರೇ ಇರಲಿಲ್ಲ.

ಆ ಊರಿನಲ್ಲಿ ಅವರ ಅಪ್ಪ ಬೊಮ್ಮುವಿನದು ಒಂದು ದೊಡ್ಡ ಕೆಲಸ. ರಂಪಣಿ ಎಂದರೆ ಊರಿಗೆ ಊರೇ ದಡದಲ್ಲಿ ನಿಂತು, ಸೊಂಟಕ್ಕೆ ಹಗ್ಗ ಬಿಗಿದು ಎಳೆಯುವ ಬಲೆ. ಬೊಮ್ಮು ಗುಡ್ಡದ ಮೇಲೆ ಕೂತು ನೀರು ನೋಡುತ್ತಿದ್ದ. ಬಂಗಡೆಯ ಹಿಂಡು ಬಂದು ನೀರಿನ ಬಣ್ಣ ಕಪ್ಪಾದೊಡನೆ ಶಂಖ ಊದುತ್ತಿದ್ದ. ಒಂದು ಉದ್ದ, ಎರಡು ತುಂಡು, ಆಮೇಲೆ ಏರಿ ಹೋಗಿ ಅಲ್ಲೇ ನಿಲ್ಲುವ ಇನ್ನೊಂದು ಉದ್ದ. ಪಕ್ಕದ ಊರಿನ ಕರೆ ಬೇರೆ, ಈ ಊರಿನದು ಬೇರೆ. ಅದು ಕಿವಿಗೆ ಬಿದ್ದರೆ ಬಾಯಿಗೆ ಹೊರಟ ತುತ್ತನ್ನೂ ತಟ್ಟೆಯಲ್ಲೇ ಬಿಟ್ಟು ಓಡಬೇಕು. ಮೀನಿಲ್ಲದೆ ಮಾತ್ರ ಆ ಕರೆ ಊದಬಾರದು. ಊದಿದವನು ಕಡಲಿಗೆ ತಪ್ಪುಕಾಯಿ ಎಂದು ಒಂದು ತೆಂಗಿನಕಾಯಿ ಒಡೆದು, ಓಡಿ ಬಂದವರೆಲ್ಲರಿಗೂ ಕೈ ಮುಗಿಯಬೇಕು.

ಎಂಟು ವರ್ಷದ ಮಂಗೇಶ ಒಂದು ದಿನ ಅಪ್ಪ ಇಲ್ಲದಾಗ ಶಂಖ ಊದಿಯೇ ಬಿಟ್ಟ. ಊರಿಡೀ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ದಡಕ್ಕೆ ಓಡಿ ಬಂತು! ಅಪ್ಪ ಹುಣಸೆ ಬರಲು ಪುಡಿಯಾಗುವಷ್ಟು ಹೊಡೆದ. ಪೆಟ್ಟು ಆಮೇಲೆ ಮರೆತುಹೋಯಿತು. ತನ್ನ ಒಂದು ಉಸಿರಿಗೆ ಓಡಿ ಬಂದ ಜನರನ್ನು ಮಾತ್ರ ಅವನು ಮರೆಯಲಿಲ್ಲ. ನನ್ನ ಕೇಳಿದರೆ ಅವನ ಬಾಳನ್ನು ಹಾಳು ಮಾಡಿದ್ದೂ, ಕಾಪಾಡಿದ್ದೂ ಆ ಒಂದು ಗಳಿಗೆಯೇ.

ಕಾರವಾರದ ಚರ್ಚಿನ ಬ್ಯಾಂಡ್ ಮಾಸ್ತರರ ಬಳಿ ಟ್ರಂಪೆಟ್ ಕಲಿತ. ಹದಿನೆಂಟಕ್ಕೆ ಮುಂಬಯಿಯ ಹಡಗು ಹತ್ತಿದ. ಹೋಟೆಲಿನಲ್ಲಿ ಸಂಜೆ ಜಾಝ್, ಸ್ಟುಡಿಯೋದಲ್ಲಿ ಹಗಲಿಗೆ ಸಿನಿಮಾ ಹಾಡು. ಹೋಟೆಲಿನಲ್ಲಿ ಜನ ತಿನ್ನುವುದರಲ್ಲಿ ಮಗ್ನರು. ಸ್ಟುಡಿಯೋದಲ್ಲಿ ಎದುರಿಗೆ ಗಾಜು, ಗಾಜಿನಾಚೆ ಕೈಗಡಿಯಾರ ನೋಡುವವರು. ಜಾಝ್‌ನಲ್ಲಿ ಒಂದು ಸುಖ ಇತ್ತು: ನಿನ್ನ ಸರದಿ ಬಂದಾಗ ಮನಸ್ಸು ಎತ್ತ ಎಳೆಯುತ್ತದೋ ಅತ್ತ ಹೋಗಬಹುದು. ಅವನ ತಂಡದ ಗೋವೆಯ ಮುಖಂಡ ನಗುತ್ತಿದ್ದ: "ನೀನು ಎಲ್ಲಿಂದ ಹೊರಟರೂ ಕೊನೆಗೆ ಅದೇ ಮನೆಯ ಬಾಗಿಲು ತಟ್ಟುತ್ತೀಯಲ್ಲ ಮಾರಾಯಾ!" ಒಂದು ಉದ್ದ, ಎರಡು ತುಂಡು. ಅಷ್ಟು ಊದಿ ಮಂಗೇಶ ನಿಲ್ಲಿಸಿಬಿಡುತ್ತಿದ್ದ. ಏರಿ ಹೋಗುವ ಕೊನೆಯ ಉದ್ದಕ್ಕೆ ಬಾಯಿ ಬರುತ್ತಿರಲಿಲ್ಲ. ಎದುರಿಗೆ ಮೀನೆಲ್ಲಿತ್ತು?

ಕೀಬೋರ್ಡು ಬಂದು ಊದುವವರ ಹೊಟ್ಟೆಯ ಮೇಲೆ ಹೊಡೆಯಿತು. ಕೆಲವು ವರ್ಷ ಅಲ್ಲೇ ಮಕ್ಕಳಿಗೆ ಪಾಠ ಹೇಳಿ, ಕೊನೆಗೆ ಬೈತಖೋಲದಲ್ಲಿ ಒಂದು ಕೋಣೆ ಹಿಡಿದ. ಈಗ ಕಲಿಯಲು ಬರುವವರು ಮದುವೆ ಬ್ಯಾಂಡಿನವರು. ಒಂದು ತಿಂಗಳು ಬರೀ ಉದ್ದ ಸ್ವರ ಊದಿ ಎಂದರೆ, "ಮಾಸ್ತರೆ, ಸೀಸನ್ನಿಗೆ ಎರಡು ಹಾಡು ಬಂದ್ರೆ ಸಾಕ್ರಾ" ಎಂದು ಅರ್ಧ ಜನ ಕಾಲಿಗೆ ಬುದ್ಧಿ ಹೇಳುತ್ತಿದ್ದರು.

ಗೋದಾವರಿ ಅಣ್ಣನ ಟ್ರಂಪೆಟನ್ನು ಪೀಪಿ ಎನ್ನುತ್ತಿದ್ದಳು. ಅವಳ ಮನೆಯ ರೇಡಿಯೋದಲ್ಲಿ ಹಳೆಯ ಹಾಡು ಬಂದಾಗ ಮಂಗೇಶ ಜಿಗಿದೇಳುತ್ತಿದ್ದ. "ಕೇಳು, ಇದು ನಾನು!" ಎನ್ನುವಷ್ಟರಲ್ಲಿ ಅವನ ಭಾಗ ಮುಗಿದು ಹಾಡುವವಳು ಬಾಯಿ ತೆರೆದಿರುತ್ತಿದ್ದಳು.

"ಹೆಂಗಸ್ರ ದನಿ ಅಲ್ವಾ ಅದು, ದಾದಾ?" ಎನ್ನುತ್ತಿದ್ದಳು ತಂಗಿ. ಅವಳದ್ದೇನೂ ತಪ್ಪಿಲ್ಲ. ಆದರೂ ಮಂಗೇಶನ ಮುಖ ಸಣ್ಣದಾಗುತ್ತಿತ್ತು.

ಸೋಮವಾರ ಹಲ್ಲು ಕೀಳುವ ವಿಷಯ ಕೇಳಿ ಅವಳೇ ಅಂದಳು, "ಆಯ್ತವಾರ ಕೇಣಿಗೆ ಹೋಗ್ವಾ. ನನ್ನ ಮಗ್ಳು ಭಾರತಿ ಮನೆ ಕಡಲ ಬುಡಕ್ಕೇ ಉಂಟು. ಅಲ್ಲಿ ಊದು, ನಾ ಕೂತು ಕೇಳ್ತೆ. ಇಲ್ಲಿ ಕಾಲನಿಲಿ ಊದಿರೆ ಮಗ್ಗುಲ ಮನೆಯವ್ರು ಬೈತ್ರು."

ಆಯಿತವಾರ ಸಂಜೆ ಅಣ್ಣ ತಂಗಿ ಕೇಣಿಯ ದಡದಲ್ಲಿ ಕೂತರು. ಮೇಲಕ್ಕೆಳೆದ ದೋಣಿಗಳು, ಒಣಗಲು ಹರಡಿದ ಮೀನು, ಗಾಳಿಮರಗಳ ಆಚೆ ಮನೆಗಳು. ಮಂಗೇಶ ನಿಧಾನದ ಒಂದು ಧಾಟಿ ಹಿಡಿದ. ಹೋಟೆಲಿನಲ್ಲಿ ದೀಪ ಸಣ್ಣದು ಮಾಡಿದ ಮೇಲೆ ನುಡಿಸುತ್ತಿದ್ದದ್ದು. ಹಲ್ಲು ನೋಯುತ್ತಿತ್ತು, ಆದರೆ ಸ್ವರ ಎಂದೂ ಇಲ್ಲದಷ್ಟು ತುಂಬಿ ಬಂತು. ಓರೆಗಣ್ಣಿನಲ್ಲಿ ತಂಗಿಯನ್ನು ನೋಡಿದ. ಅವಳು ಸೆರಗಿನಿಂದ ಮರಳು ಕೊಡವುತ್ತ, ನೆಂಟರ ಮನೆಯ ಪೂಜೆಗೆ ಕೂತವರ ಹಾಗೆ ಮರ್ಯಾದೆಗೆ ಕೂತಿದ್ದಳು.

"ಚೆಂದ ಆಯ್ತು," ಎಂದಳು. "ನಂಗೆ ತಿಳಿಯೂದಿಲ್ಲ, ಆದ್ರೂ ಚೆಂದ."

ಮಂಗೇಶನಿಗೆ ಅಳು ಬರುವಂತಾಯಿತು. ಇಷ್ಟು ವರ್ಷ ಊದಿದ್ದು ಒಬ್ಬರಿಗೂ ತಲುಪದೆ ನಾಳೆ ಬಟ್ಟಲಿಗೆ ಬೀಳುವ ಹಲ್ಲಿನ ಜೊತೆ ಹೋಗುತ್ತದೆ. ಅವನು ಎದ್ದು ಕಡಲಿಗೆ ಮುಖ ಮಾಡಿ ಮತ್ತೆ ಊದಿದ, ಯಾರಿಗಾಗಿಯೂ ಅಲ್ಲ, ಎಳೆದತ್ತ ಹೋದ. ಅದು ಎಂದಿನಂತೆ ಅದೇ ಬಾಗಿಲಿಗೆ ಬಂತು. ಒಂದು ಉದ್ದ. ಎರಡು ತುಂಡು. ಈ ಸಲ ಅವನು ನಿಲ್ಲಿಸಲಿಲ್ಲ. ಕೊನೆಯ ಉದ್ದ ಏರಿ ಹೋಗಿ ನೀರಿನ ಮೇಲೆ ನಿಂತಿತು.

ಹಿಂದೆ ಮರಳು ಸದ್ದಾಯಿತು. ಮಂಡಿ ನೋವಿನ ಗೋದಾವರಿ ಸೀರೆಯ ಕಚ್ಚೆ ಬಿಗಿದುಕೊಂಡು ನೀರಿನತ್ತ ಓಡುತ್ತಿದ್ದಳು. ಅಲೆಯಲ್ಲಿ ಮೊಣಕಾಲವರೆಗೆ ಇಳಿದು, ಹಗ್ಗ ಹಿಡಿಯಲು ಎರಡೂ ಕೈ ಚಾಚಿ, ಆಗ ಎಚ್ಚರಾಗಿ ನಿಂತಳು.

ಕೇಣಿಯವರು ಯಾರೂ ಏಳಲಿಲ್ಲ. ಅದು ಅವರ ಕರೆಯಲ್ಲ. ಆದರೆ ಗಾಳಿಮರಗಳ ನಡುವಿನಿಂದ ಒಬ್ಬ ಮುದುಕಿ ಬಂದಳು, ಅವಳ ಹಿಂದೆ ಇನ್ನಿಬ್ಬರು ಹೆಂಗಸರು, ಅವರ ಕೈಯಲ್ಲಿ ಮೀನು ಕೊಯ್ಯುವ ಕತ್ತಿ ಹಾಗೇ ಇತ್ತು. ಮುಂದಿದ್ದವಳು ಮಂದಾಕಿನಿ, ಗೋಡೆಯೊಳಗಾದ ಊರಿನಲ್ಲಿ ಅವರ ಪಕ್ಕದ ಮನೆಯವಳು, ಮಗಳ ಬೆನ್ನಿಗೆ ಕೇಣಿಗೆ ಬಂದವಳು.

"ಬಲೆ ಎಲ್ಲುಂಟು?" ಎಂದಳು ಏದುಸಿರು ಬಿಡುತ್ತ. ಆಮೇಲೆ ಅವನ ಮುಖ ನೋಡಿದಳು. "ಬೊಮ್ಮು ಮಗ ಅಲ್ಲವೇನೋ ನೀನು?"

"ಹೌದು ಆಯೀ, ಮಂಗೇಶ. ಬಲೆ ಇಲ್ಲ, ಮೀನೂ ಇಲ್ಲ. ಸುಳ್ಳೇ ಊದಿದೆ, ತಪ್ಪಾಯ್ತು." ಅವನು ಎಲ್ಲರಿಗೂ ಕೈ ಮುಗಿದ.

ಹೆಂಗಸರು ಕಡಲಿನತ್ತ ತಿರುಗಿ ನೋಡಿದರು. ಗೋದಾವರಿ ಒದ್ದೆ ಸೀರೆಯಲ್ಲೇ ಬಂದು ಅಣ್ಣನ ತೋಳು ಹಿಡಿದಳು. "ಅದು ನೀನೇ ಅಲ್ವಾ, ದಾದಾ?" ಎಂದಳು. "ರೇಡಿಯೋದಲ್ಲಿ ನೀ ಇದನ್ನ ಯಂತಕೆ ಊದ್ಲಿಲ್ಲ?"

"ತಪ್ಪುಕಾಯಿ ನಾಳೆ ಒಡೆದ್ರಾಯ್ತು," ಎಂದಳು ಮಂದಾಕಿನಿ ಕಣ್ಣೊರೆಸಿಕೊಂಡು. "ಬೀರಾ ಇನ್ನೂ ಬರ್ಲಿಲ್ಲ. ಅವ್ನೂ ನಮ್ಮೂರವ್ನೇ. ಕಿವಿ ಮಂದ ಆಗಿದೆ ಅವ್ನಿಗೆ. ಮತ್ತೊಂದ್ಸಲ ಊದು, ಜೋರಾಗಿ."

ಮಂಗೇಶ ಟ್ರಂಪೆಟಿನ ಬಾಯಿಗೆ ಅಂಟಿದ್ದ ರಕ್ತವನ್ನು ಅಂಗಿಯ ತುದಿಯಿಂದ ಒರೆಸಿದ. ಉಸಿರು ತುಂಬಿಕೊಂಡು, ಗುಡ್ಡದ ಮೇಲೆ ಕೂತ ಅಪ್ಪನ ಹಾಗೆ ಊದಿದ.

ಕೊನೆಯ ಉದ್ದ ಇನ್ನೂ ನಿಂತಿರುವಾಗಲೇ ಗಾಳಿಮರಗಳ ಆಚೆ ಒಂದು ಬಾಗಿಲು ತೆರೆಯಿತು. ಮುದುಕ ಬೀರಾ ಎಡವುತ್ತ ಬರುತ್ತಿದ್ದ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ರಂಪಣಿ ಎಳೆಯಲು ಸೊಂಟಕ್ಕೆ ಬಿಗಿಯುವ ಹಗ್ಗ.