ಸೀತಾಳೆಯ ಮನೆಯ ಮಾಲಿ

ರೋಹಿಣಿ ಮಳೆ ನಾಲ್ಕು ಹನಿ ಉದುರಿಸಿ ಹೋದ ಮರುದಿನದ ಮುಂಜಾವು! ತಿಂಗಳುಗಟ್ಟಲೆ ಬಿಸಿಲಿಗೆ ಬಿರಿದು ಬಾಯ್ದೆರೆದಿದ್ದ ಸಂಶಿಯ ಎರೆಭೂಮಿ ಆ ಅಲ್ಪ ತಂಪಿಗೇ ಮೈ ಸಡಿಲಿಸಿ, ಹಸಿಮಣ್ಣಿನ ಪರಿಮಳವನ್ನು ಮೆಲ್ಲಮೆಲ್ಲನೆ ಉಸಿರಾಡುತ್ತಿತ್ತು. ಕಣ್ಣು ಹರಿದಷ್ಟು ದೂರ ಹರಗಿಟ್ಟ ಕರಿಯ ಹೊಲಗಳು... ಆ ಕಪ್ಪಿನ ತುದಿಗೆ, ಅರಿಸಿನ ಬಳಿದ ಹೊಸ್ತಿಲಿನಂತೆ, ಉದಯದ ಒಂದು ಹೊಂಗೆರೆ. ಅದರ ಮೇಲೆ, ಒಳಗೆ ಬರಲೋ ಬೇಡವೋ ಎಂದು ಸಂಕೋಚಪಡುವ ಬೀಗರಂತೆ, ಬೂದುಬಣ್ಣದ ಮೋಡಗಳು ತಡೆತಡೆದು ನಿಂತಿದ್ದವು.

ಊರ ಕಡೆಯ ಓಣಿಯ ಕಡೆಯ ಮನೆಯ ಹಿತ್ತಲಲ್ಲಿ ಮಾತ್ರ ಆ ಬೆಳಕು ಬೇರೆಯೇ ಬಣ್ಣ ತಾಳಿತ್ತು. ಬಿದಿರ ಗಳಗಳನ್ನು ಬಿಲ್ಲಿನಂತೆ ಬಾಗಿಸಿ, ಮೇಲೆ ಹಸಿರು ನೆರಳುಬಲೆ ಹೊದಿಸಿ, ಗಾಳಿ ಬರುವ ಪಡುವಣ ದಿಕ್ಕಿಗೆ ಒದ್ದೆ ಗೋಣಿಚೀಲಗಳನ್ನು ಇಳಿಬಿಟ್ಟು ಕಟ್ಟಿದ ಪುಟ್ಟ ಹಸಿರುಮನೆ! ಬಲೆಯ ಸಾವಿರ ಕಣ್ಣುಗಳಲ್ಲಿ ಸೋಸಿ ಇಳಿದ ಬಿಸಿಲು ಅಲ್ಲಿ ಬಿಸಿಲಾಗಿರಲಿಲ್ಲ, ತಿಳಿನೀರಾಗಿತ್ತು. ಆ ನೀರಿನಲ್ಲಿ ಮುಳುಗಿದಂತೆ ಜರಿಗಿಡಗಳ ಗರಿಗಳು, ಬಿಗೋನಿಯಾದ ಚುಕ್ಕೆಯೆಲೆಗಳು, ಮೇಣದಲ್ಲಿ ಎರಕ ಹೊಯ್ದಂಥ ಕೆಂಪು ಆಂಥೂರಿಯಂ, ಒಂದು ಮೂಲೆಯಲ್ಲಿ ಹೊಲಕ್ಕೆ ಹೋಗಲು ತುದಿಗಾಲಲ್ಲಿ ನಿಂತ ಮೆಣಸಿನ ಸಸಿಗಳು. ಇವೆಲ್ಲವುಗಳ ನಡುವೆ, ತೊಲೆಗೆ ತೂಗುಹಾಕಿದ ಒಣಕೊಂಬೆಯೊಂದನ್ನು ಬೇರಿನ ಬೆರಳುಗಳಿಂದ ಅವುಚಿಕೊಂಡು, ಗೇಣುದ್ದದ ಹೂದಂಡೆಯನ್ನು ಕೆಳಗೆ ಇಳಿಬಿಟ್ಟು, ಬಿಳಿದಳಗಳ ಮೇಲೆ ತಿಳಿನೇರಳೆಯ ಚುಕ್ಕೆಯಿಟ್ಟುಕೊಂಡು ಅರಳಿ ನಿಂತಿತ್ತು ಸೀತಾಳೆ... ಬಯಲುಸೀಮೆಯ ಬೇಗೆಯಲ್ಲಿ ಬದುಕಲಾರದೆಂದು ಎಲ್ಲರೂ ಹೇಳಿದ್ದ ಕಾಡುಹೂವು!

ಆಂಥೂರಿಯಂ ಎಲೆಗಳ ಮೇಲೆ ಕೂತ ಎರೆಧೂಳನ್ನು ಒದ್ದೆ ಅರಿವೆಯಿಂದ ಒರೆಸುವುದು ನಂದಾಳ ದಿನದ ಮೊದಲ ಕೆಲಸ. ಮೂರನೆಯ ಎಲೆಯ ಮೇಲೆ ಕೈ ಇತ್ತು. ಅಷ್ಟರಲ್ಲಿ ಸೊಂಟಕ್ಕೆ ಸಿಕ್ಕಿಸಿದ ಫೋನು ಕೂಗಿತು. ಹೆಸರು ನೋಡಿದೊಡನೆ ಅವಳ ಬೆರಳುಗಳಲ್ಲಿದ್ದ ಅರಿವೆ ಜಾರಿತು.

“ನಂದಾ, ನಿಮ್ಮ ಸೀತಾಳೆ ಫೋಟೋ ನೋಡೀನ್ರಿ! ಅಗದಿ ಜೀವಂತ ಅದ!” ಹುಬ್ಬಳ್ಳಿಯ ಕೈತೋಟದ ಬಳಗದ ಹಿರಿಯಳಾದ ಶೈಲಾ ಉತ್ಸಾಹದಿಂದ ಹೇಳುತ್ತಿದ್ದಳು. “ಹತ್ತಕ್ಕ ನಾವು ಆರು ಮಂದಿ ಬರ್ತೀವಿ. ಮತ್ತ ನಿಮ್ಮ ಮಾಲಿನ್ನ ಎಲ್ಲೂ ಕಳಸಬ್ಯಾಡ್ರಿ. ಕೊಂಬಿಗೆ ಗಿಡ ಹೆಂಗ ಕಟ್ಟೂದು ಅಂತ ಅವನ ಕಡಿಂದನ ಕಲೀಬೇಕು.”

“ಹೂಂ... ಬರ್ರಿ,” ಎಂದಳು ನಂದಾ. ಆ ಎರಡು ಮಾತು ಹೇಳುವಷ್ಟರಲ್ಲಿ ಕಿವಿಯವರೆಗೂ ಕೆಂಡ ಹತ್ತಿದಂತಾಯಿತು.

ಮಾಲಿ! ಆ ಮನೆಯಲ್ಲಿ ಮಾಲಿಯೆಂಬವನು ಇರಲಿಲ್ಲ. ಇದ್ದವನು ಅವಳ ಗಂಡ, ಗೌರೀಶ.

ಎಂಟು ದಿನಗಳ ಹಿಂದೆ ನಡೆದದ್ದು ಇಷ್ಟೇ. ಶೈಲಾ ಮತ್ತು ಇಬ್ಬರು ಗೆಳತಿಯರು ಮೊದಲ ಸಲ ಈ ಹಸಿರುಮನೆ ನೋಡಲು ಬಂದಿದ್ದರು. ತಲೆಗೆ ಟಾವೆಲ್ಲು ಸುತ್ತಿ, ಕೆಸರು ಮೆತ್ತಿದ ಬನಿಯನ್ನಿನಲ್ಲಿ ಗೌರೀಶ ಇದ್ದಲಿ, ಇಟ್ಟಿಗೆಚೂರುಗಳ ಬುಟ್ಟಿ ಹೊತ್ತು ಒಳಗೆ ಬಂದ. ಹೊತ್ತ ಬುಟ್ಟಿ ಇಳಿಸಿ, ಕುಂಡದಲ್ಲಿ ನೀರು ನಿಲ್ಲದಂತೆ ಚೂರುಗಳನ್ನು ಜೋಡಿಸತೊಡಗಿದ ಅವನ ಕೈಗಳನ್ನೇ ನೋಡುತ್ತ ಶೈಲಾ ಕೇಳಿದ್ದಳು: “ಕೈಗುಣ ಇದ್ದ ಮನಶ್ಯಾ ಕಾಣಸ್ತಾನಲ್ರಿ! ಏನು ಇವನ ಹೆಸರು?”

ಆ ಸೀಮೆಯ ಹೆಣ್ಣುಮಕ್ಕಳು ಗಂಡನ ಹೆಸರನ್ನು ನಾಲಿಗೆಯ ಮೇಲೆ ತರುವುದಿಲ್ಲ. ನಂದಾ ತಡವರಿಸಿದಳು. ‘ನಮ್ಮ ಮನಿಯವರ್ರಿ’ ಎಂಬ ಎರಡೇ ಪದಗಳು ಸಾಕಾಗಿದ್ದವು. ಅವು ತುಟಿಯವರೆಗೆ ಬಂದವು... ಅಲ್ಲಿಯೇ ನಿಂತವು. ಇಸ್ತ್ರಿಯ ಕಾಟನ್ ಸೀರೆಗಳ ಆ ಮೂವರ ಎದುರು, ಧಾರವಾಡದಲ್ಲಿ ಬಿ.ಎ. ಓದಿದ ಅವಳ ಕಣ್ಣಿಗೆ, ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಆ ಮನುಷ್ಯನ ಒಡೆದ ಹಿಮ್ಮಡಿಗಳೇ ಕಂಡವು.

“ಮಾಲಿ ಹೆಸರ ಮರತೀರೇನ್ರಿ?” ಎಂದು ಇನ್ನೊಬ್ಬಳು ನಕ್ಕಿದ್ದಳು.

ನಂದಾಳೂ ನಕ್ಕಳು. ಅಯ್ಯೋ, ಅವಳೂ ನಕ್ಕಳು!

ಆಗ ಗೌರೀಶ ತಲೆಯೆತ್ತಿ ಹೆಂಡತಿಯ ಮುಖವನ್ನೊಮ್ಮೆ ನೋಡಿದ. ಕಾರ್ಮೋಡದ ಅಂಚಿನಲ್ಲಿ ಮಿಂಚು ಸುಳಿದು ಮಾಯವಾಗುವಷ್ಟೇ ಹೊತ್ತು. ಆಮೇಲೆ ಬಲು ಮೆತ್ತಗೆ, “ಗೌರೀಶ ಅಂತಾರ್ರಿ ನನಗ,” ಎಂದ.

“ಎಷ್ಟ ದಿನಾ ಆತಪ್ಪಾ ಇಲ್ಲೆ?”

“ಹನ್ನೊಂದ ವರ್ಷ ಆತ್ರಿ.”

“ಬಿಟ್ಟ ಹೋಗೂ ವಿಚಾರ ಏನರ ಐತೇನು? ನಮ್ಮಲ್ಲಿ ಬಾ ಅಂದ್ರ?”

“ಇಲ್ರಿ... ಊಟಾ ಭಾಳ ಚೊಲೋ ಹಾಕ್ತಾರ್ರಿ ಇಲ್ಲೆ.”

ಎಲ್ಲರೂ ಕೈಹೊಡೆದು ನಕ್ಕರು. ಅವನು ಒಂದು ಸುಳ್ಳನ್ನೂ ಹೇಳಿರಲಿಲ್ಲ; ಮದುವೆಯಾಗಿ ಇಬ್ಬರೂ ಈ ಮನೆ ಹೂಡಿ ಹನ್ನೊಂದು ವರ್ಷವೇ ಆಗಿತ್ತು. ಹೆಂಡತಿಯ ಮಾನಕ್ಕೆ ಒಂದು ಗೀರೂ ಬೀಳದಂತೆ ಮಾತುಗಳನ್ನು ಆಯ್ದಾಯ್ದು ಜೋಡಿಸಿದ್ದ, ಕುಂಡದ ತಳಕ್ಕೆ ಚೂರುಗಳನ್ನು ಜೋಡಿಸಿದ ಹಾಗೆ! ಹೊರಡುವಾಗ ಶೈಲಾ ಅವನ ಕೈಗೊಂದು ಬಿಸ್ಕೀಟಿನ ಪುಡಿಕೆ ಇಟ್ಟಳು. ಅವನು ಎರಡೂ ಕೈ ಚಾಚಿ ತೆಗೆದುಕೊಂಡ. ಎಂಟು ವರ್ಷದ ಮಗಳು ಸುವರ್ಣಾ ಬಾಗಿಲ ಗಳ ಹಿಡಿದು ಇದೆಲ್ಲವನ್ನೂ ನೋಡುತ್ತ ನಿಂತಿದ್ದಳು. ಅಪ್ಪ ಆ ಪುಡಿಕೆಯನ್ನು ಅವಳಿಗೇ ಕೊಟ್ಟಾಗ ಅವಳು ಅದನ್ನು ಒಡೆಯಲಿಲ್ಲ; ಅಡುಗೆಮನೆಯ ಗೋಡೆಯ ಮಾಡದಲ್ಲಿ ಇಟ್ಟುಬಿಟ್ಟಳು. ಎಂಟು ದಿನಗಳಿಂದ ಅದು ಅಲ್ಲಿಯೇ ಇತ್ತು. ಎಂಟು ದಿನಗಳಿಂದ ಆ ಹುಡುಗಿ ತಾಯಿಯನ್ನು ನೋಡುತ್ತಿದ್ದಳು, ಬಾಯಿ ತೆರೆಯುತ್ತಿದ್ದಳು, ಮತ್ತೆ ಮುಚ್ಚುತ್ತಿದ್ದಳು.

ಗೌರೀಶ ಮಾತ್ರ ಆ ದಿನದ ಬಗ್ಗೆ ಒಂದಕ್ಷರ ಆಡಿರಲಿಲ್ಲ. ಸಿಟ್ಟಾಗಿದ್ದರೆ ನಂದಾಳಿಗೆ ಎಷ್ಟು ಹಗುರಾಗುತ್ತಿತ್ತು! ಅವನು ಎಂದಿನಂತೆ ರೊಟ್ಟಿಯನ್ನು ಹೊಗಳಿದ, ಎಂದಿನಂತೆ ಗೋಣಿಚೀಲಗಳಿಗೆ ನೀರು ಹೊಡೆದ. ಆ ಮೃದುತ್ವವೇ ಅವಳಿಗೆ ಸುಡುಬಿಸಿಲಾಯಿತು. ಎಲೆ ಒರೆಸುವಾಗ, ಕಸ ಹೊಡೆಯುವಾಗ, ಅವಳಿಗೆ ಒಂದೊಂದಾಗಿ ನೆನಪಾಗುತ್ತಿತ್ತು: ಬಳಗಕ್ಕೆ ಕಳಿಸುವ ಪ್ರತಿ ಫೋಟೋದಲ್ಲಿ, ಹೂವಿನ ಪಕ್ಕದಲ್ಲಿ ಎಲ್ಲಿಯಾದರೂ ಅವನ ಮಣ್ಣುಗೈ ಮೂಡಿದ್ದರೆ ಅದನ್ನು ಕತ್ತರಿಸಿ ತೆಗೆಯುತ್ತಿದ್ದವಳು ತಾನೇ ಅಲ್ಲವೇ? ಮೆಚ್ಚುಗೆಯ ಮಾತುಗಳೆಲ್ಲ ಬಂದಾಗ ‘ಧನ್ಯವಾದಗಳು’ ಎಂದಷ್ಟೇ ಬರೆಯುತ್ತಿದ್ದವಳು? ಅಂದು ತಪ್ಪು ನಾಲಿಗೆಯದಾಗಿರಲಿಲ್ಲ. ಪದ್ಧತಿಯ ಸೆರಗನ್ನು ಮುಂದಕ್ಕೆಳೆದು, ಅವಳು ತನ್ನ ಸಣ್ಣತನವನ್ನು ಮುಚ್ಚಿಕೊಂಡಿದ್ದಳು.

ಆ ಸೀತಾಳೆಯ ಕಥೆಯನ್ನಾದರೂ ಅವಳು ಯಾರಿಗೆ ಹೇಳಿದ್ದಳು? ಮದುವೆಯ ಎರಡನೆಯ ವರ್ಷ, ಅಳ್ನಾವರದ ಕಾಡಿನಲ್ಲಿ ಗಾಳಿಗೆ ಮುರಿದು ಬಿದ್ದ ಕೊಂಬೆಯ ಮೇಲೆ ಈ ಗಿಡವನ್ನು ಕಂಡು, ಒದ್ದೆ ಟಾವೆಲ್ಲಿನಲ್ಲಿ ಸುತ್ತಿ, ಮೂರು ಬಸ್ಸು ಬದಲಿಸಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದ ಅವನು. “ನಿನಗ ಹೂವಂದ್ರ ಹುಚ್ಚು ಅಂತ ನಿಮ್ಮವ್ವ ಅಂದಿದ್ರು,” ಎಂದಿದ್ದ, ನಾಚುತ್ತ. ದಾರ ಬೇರನ್ನು ಕೊಯ್ಯುತ್ತದೆಂದು, ಅವಳ ಹಳೆಯ ಇಳಕಲ್ಲ ಸೀರೆಯ ಪಟ್ಟಿ ಹರಿದು ಕಟ್ಟಿದ್ದ. ಅದನ್ನು ಬದುಕಿಸಲೆಂದೇ ಈ ಹಸಿರುಮನೆ ಎದ್ದಿತು! ಒಂದು ಹೂವಿಗಾಗಿ ಒಂದು ಋತುವನ್ನೇ ಕಟ್ಟಿಕೊಟ್ಟವನನ್ನು, ಅವಳು...

“ನಾ ಏನ ಮಾಡ್ಲಿ, ನಂದಾ?”

ಬೆಚ್ಚಿ ತಿರುಗಿದಳು. ಗೌರೀಶ ಬಾಗಿಲಲ್ಲಿ ನಿಂತಿದ್ದ. ಫೋನಿನ ಮಾತು ಅವನಿಗೆ ಕೇಳಿಸಿತ್ತು.

“ಹೊಲಕ್ಕ ಹೋಗ್ಲೋ, ಇಲ್ಲೇ ಇರ್ಲೋ? ಇರ್ಬೇಕಂದ್ರ ಆವತ್ತಿನ ಬನೀನನ ಹಾಕ್ಕೊಂತೀನಿ. ನಿನಗ ಯಾವದು ಅನುಕೂಲ ಹೇಳು.”

ಚುಚ್ಚುಮಾತಲ್ಲ ಅದು! ಚುಚ್ಚುವುದು ಅವನಿಗೆ ಗೊತ್ತೇ ಇರಲಿಲ್ಲ. ಅವಳ ಸುಳ್ಳನ್ನು ತಾನು ಹೊರಲು ಅವನು ಮನಸಾರೆ ಸಿದ್ಧನಾಗಿ ಬಂದಿದ್ದ. ನಂದಾಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

“ಇರ್ರಿ,” ಎಂದಳು. “ಸ್ನಾನಾ ಮಾಡಿ ಬರ್ರಿ. ಬಿಳೇ ಅಂಗಿ ತಗದಿಟ್ಟಿರ್ತೀನಿ.”

“ಕೆಲಸ ಮಾಡೂದು ಮಣ್ಣಾಗ ಅಲ್ಲೇನು? ಅಂಗಿ ಹೊಲಸಾಗ್ತೈತಿ.”

“ಹಂಗಾರ ನಿಮಗ ಹೆಂಗ ಬೇಕೋ ಹಂಗ ಬರ್ರಿ... ಆದ್ರ ಎಲ್ಲೂ ಹೋಗಬ್ಯಾಡ್ರಿ.”

ಹತ್ತು ಗಂಟೆಗೆ ಕಾರುಗಳು ಬಂದವು. ಹಸಿರುಮನೆಯ ತುಂಬ ನಗೆ, ಬಳೆಯ ಸದ್ದು, ಸೀತಾಳೆಯ ಕೆಳಗೆ ಉದ್ಗಾರಗಳು! ಗೌರೀಶ ಮೂಲೆಯಲ್ಲಿ, ಅದೇ ಬನಿಯನ್ನಿನಲ್ಲಿ, ಮೆಣಸಿನ ಸಸಿಗಳ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಶೈಲಾ ಫೋನು ಎತ್ತಿ ಹಿಡಿದು ಕರೆದಳು: “ಬಾರಪ್ಪಾ ಗೌರೀಶ, ಸ್ವಲ್ಪ ಬೆಳಕಿಗೆ ಬಾ. ನಂದಾ, ನೀವು ಈ ಕಡೆ ನಿಂದರ್ರಿ.”

ಅವನು ಎದ್ದ. ಆ ಒಂದು ಕ್ಷಣ... ಬಿತ್ತಲು ಎತ್ತಿದ ಕೈ ಗಾಳಿಯಲ್ಲೇ ನಿಂತಂಥ ಕ್ಷಣ! ಈಗಲೂ ಸುಮ್ಮನಿರಬಹುದಿತ್ತು. ಇನ್ನೊಂದು ಗಂಟೆ ಕಳೆದರೆ ಕಾರುಗಳು ಹೋಗುತ್ತಿದ್ದವು. ನಂದಾ ಎರಡು ಹೆಜ್ಜೆ ಇಟ್ಟು ಅವನ ಪಕ್ಕದಲ್ಲಿ ನಿಂತಳು.

“ಶೈಲಾ ಅವರ, ಇವರು ಮಾಲಿ ಅಲ್ರಿ,” ಎಂದಳು. “ಗೌರೀಶ... ನನ್ನ ಗಂಡ. ಈ ಹೂವಾ ತಂದವರೂ ಇವರ, ಈ ಮನಿ ಕಟ್ಟಿದವರೂ ಇವರ. ನಾ ಬರೇ ಎಲಿ ಒರಸ್ತೀನಿ, ಫೋಟೋ ಹೊಡಿತೀನಿ. ಆವತ್ತ ನಾ ಸುಮ್ಮನಿದ್ದೆ. ತಪ್ಪಾತ್ರಿ.”

ನಗೆ ನಿಂತಿತು. ಶೈಲಾಳ ಮುಖ ಬಿಳಿಚಿ, ಆಮೇಲೆ ಕೆಂಪೇರಿತು. “ಅಯ್ಯ ಶಿವನ... ನಾ ಇವರಿಗೆ ಬಿಸ್ಕೀಟ್ ಕೊಟ್ನಲ್ರಿ! ಅಣ್ಣಾರ, ಕ್ಷಮಾ ಮಾಡ್ರಿ.”

ಎಲ್ಲರಿಗಿಂತ ಹೆಚ್ಚು ಕಂಗಾಲಾದವನು ಗೌರೀಶನೇ. ಟಾವೆಲ್ಲು ಬಿಚ್ಚಿ ಮುಖ ಒರೆಸಿಕೊಂಡ. “ಇರ್ಲಿ ಬಿಡ್ರಿ ಅಕ್ಕಾರ, ಗಿಡದ ಮುಂದ ಎಲ್ಲಾರೂ ಆಳ ಅಲ್ಲೇನು? ಬರ್ರಿ, ಪಟ್ಟಿ ಹೆಂಗ ಸುತ್ತೂದು ತೋರಸ್ತೀನಿ. ಭಾಳ ಬಿಗೀಬಾರದು, ಭಾಳ ಸಡಲ ಬಿಡಬಾರದು...” ಎನ್ನುತ್ತ ಎಲ್ಲರನ್ನೂ ಆ ಮುಜುಗರದಿಂದ ಕೈಹಿಡಿದು ದಾಟಿಸಿದ.

ಮಧ್ಯಾಹ್ನದ ಹೊತ್ತಿಗೆ ಹಿತ್ತಲು ಮತ್ತೆ ಮೂವರದಾಯಿತು. ಗೌರೀಶ ಸಸಿಗಳ ಮಡಿಗೆ ಝಾರಿಯಿಂದ ನೀರು ಹಾಕುತ್ತಿದ್ದ. ನಂದಾ ಚಹದ ಬಟ್ಟಲುಗಳನ್ನು ತೊಳೆದಿಡುತ್ತಿದ್ದಳು. ಎದೆಯ ಮೇಲಿನ ಕಲ್ಲು ಸರಿಯಿತೆಂದು, ಎಲ್ಲವೂ ಮುಗಿಯಿತೆಂದು, ಎಂಟು ದಿನಗಳಲ್ಲಿ ಮೊದಲ ಸಲ ಉಸಿರೆಳೆದುಕೊಳ್ಳುತ್ತಿದ್ದಳು. ಹೆಂಗಸರೆದುರು ಹೇಳುವುದು ಕಷ್ಟವಾಗಿತ್ತು, ನಿಜ; ಆದರೂ ಆ ಕಷ್ಟದಲ್ಲಿ ಒಂದು ಸಣ್ಣ ಹೆಮ್ಮೆಯೂ ಬೆರೆತಿತ್ತು.

ಸುವರ್ಣಾ ಬಂದು ಅವಳ ಮೊಣಕಾಲಿಗೆ ಒರಗಿ ನಿಂತಳು.

“ಅವ್ವಾ.”

“ಏನವ್ವಾ?”

ಹುಡುಗಿ ಅಪ್ಪನತ್ತ ನೋಡಿದಳು, ತಾಯಿಯತ್ತ ನೋಡಿದಳು. ಈ ಸಲ ತೆರೆದ ಬಾಯಿ ಮುಚ್ಚಲಿಲ್ಲ.

“ಆವತ್ತ ನಿನಗ ಅಪ್ಪ ಅಂದ್ರ ನಾಚಿಕಿ ಆಗಿತ್ತೇನು?”

ಝಾರಿಯ ನೀರು ಹರಿಯುವುದು ನಿಂತಿತು. ಗೌರೀಶ ತಿರುಗಲಿಲ್ಲ, ಅವನ ಬೆನ್ನು ಮಾತ್ರ, ಉತ್ತರಕ್ಕಾಗಿ ತಾನೂ ಎಂಟು ದಿನ ಕಾದಿತ್ತೆಂಬಂತೆ, ಅಲುಗದೆ ನಿಂತಿತು. ನಂದಾ ಬಟ್ಟಲು ಕೆಳಗಿಟ್ಟು, ಮಗಳ ಎರಡೂ ಕೈಗಳನ್ನು ತನ್ನ ಒದ್ದೆ ಕೈಗಳಲ್ಲಿ ತೆಗೆದುಕೊಂಡಳು. ಸಹೃದಯರೇ, ಹತ್ತು ಜನರ ಮುಂದೆ ತಪ್ಪೊಪ್ಪುವುದಕ್ಕೆ ಧೈರ್ಯ ಸಾಕು. ನಾವು ನೋಯಿಸಿದವರು ಕೇಳುತ್ತಿರುವಾಗ, ನಮ್ಮನ್ನೇ ನಂಬಿದ ಕೂಸಿನ ಕಣ್ಣೊಳಗೆ ನೋಡುತ್ತ ‘ಹೌದು’ ಎನ್ನುವುದಕ್ಕೆ ಪ್ರೀತಿಯೇ ಬೇಕು. ಪ್ರೀತಿಸುವವರು ನಮ್ಮನ್ನು ಕೇಳದೆಯೇ ಕ್ಷಮಿಸಿಬಿಡುತ್ತಾರೆ... ಅವರ ಆ ಔದಾರ್ಯದ ನೆರಳಿನಲ್ಲಿ ನಾವು ಸತ್ಯವನ್ನು ಹೇಳದೆಯೇ ಒಂದು ಬಾಳು ಕಳೆದುಬಿಡಬಹುದು. ಆದರೆ ಎಲ್ಲಿಂದಲೋ ಒಂದು ಎಳೆಯ ಧ್ವನಿ ಬಂದು ಕೇಳುತ್ತದೆ; ಕೇಳಿದಾಗ ಮನುಷ್ಯಹೃದಯ ಮೊದಲು ನಾಚುತ್ತದೆ, ಆಮೇಲೆ ನಡುಗುತ್ತದೆ, ಆಮೇಲಷ್ಟೇ, ಬಲು ಮೆಲ್ಲಗೆ, ನಿಜವಾಗಿ ಪ್ರೀತಿಸಲು ಕಲಿಯುತ್ತದೆ.