ದುರ್ಗವ್ವನ ಒರಟು ತಿರುಪು

ಏಳು ಕೆರೆ ದಾಟಿ ಏಳು ಗುಡ್ಡ ಹತ್ತಿದರೆ ಸಿಗುವ ಊರಿನ ಕಥೆಯಲ್ಲ ಇದು. ಮೂಡಲಪಾಳ್ಯದಲ್ಲಿ ಬಸ್ಸಿಳಿದು ಎರಡು ತಿರುವು ನಡೆದರೆ ಸಿಗುವ ಖಾನಾವಳಿಯದು. ಒಂದು ಕಾಲದಲ್ಲಿ, ಅಂದರೆ ಎರಡು ಸಾವಿರದ ಐದನೆಯ ಇಸವಿಯಲ್ಲಿ, ಅಲ್ಲಿ ದುರ್ಗವ್ವ ಎಂಬವಳು ದಿನಕ್ಕೆ ಮುನ್ನೂರು ರೊಟ್ಟಿ ಬಡಿಯುತ್ತಿದ್ದಳು. ಅವಳ ಗಂಡ ಬಾಳೇಶ ಅವಳನ್ನು ಬಡಿಯುತ್ತಿದ್ದ.

ಒಂದು ಮಧ್ಯಾಹ್ನ, ಕೇಳಿದಾಗ ದುಡ್ಡು ಕೊಡಲಿಲ್ಲವೆಂದು, ಅವನು ಕಬ್ಬಿಣದ ಹಂಚನ್ನೇ ಎತ್ತಿ ಅವಳ ಮುಖಕ್ಕೆ ಬೀಸಿದ. ಮೇಲಿನ ಮುಂದಿನ ಹಲ್ಲು ಬೇರುಸಮೇತ ಹಿಟ್ಟಿನೊಳಗೆ ಬಿತ್ತು. ಹಿಟ್ಟು ಕೆಂಪಾಯಿತು. ಉಣ್ಣುತ್ತಿದ್ದವರು ತಟ್ಟೆ ಬಿಟ್ಟು ಎದ್ದರು.

"ಕಟ್ಟಿಸ್ಕೊ ಹೋಗ, ಬೊಚ್ಚಬಾಯಾಕಿ! ಕಟ್ಟಿಸಿದಷ್ಟ ಸಲ ಉದುರಸ್ತೀನಿ," ಎಂದು ನಕ್ಕ.

ದುರ್ಗವ್ವ ರಕ್ತ ಉಗುಳಿದಳು. "ಕಟ್ಟಿಸ್ಕೊಂಡ ತೀರತೀನಿ."

ಅಂದೇ ಅವನನ್ನು ಬಿಟ್ಟು ಖಾನಾವಳಿಯ ಒಡತಿ ದಾನಮ್ಮನ ಮನೆ ಸೇರಿದಳು. ಪಕ್ಕದ ಬೀದಿಯ ಹಲ್ಲಿನ ಡಾಕ್ಟರ್ ಸೌಮ್ಯಶ್ರೀ ಅವಳಿಗೆ ಮಾತು ಕೊಟ್ಟರು: "ದವಡೆ ಮೂಳೆಗೆ ಟೈಟೇನಿಯಂ ತಿರುಪು ಕೂರಿಸ್ತೀನಿ. ಮೂಳೆ ಅದನ್ನ ಹಿಡ್ಕೊಂಡ್ಮೇಲೆ ಅದರ ಮೇಲೆ ಹಲ್ಲು. ನಿಮ್ಮ ಹಲ್ಲು ನಿಲ್ಲಿಸೋದು ನನ್ನ ಜವಾಬ್ದಾರಿ."

ಅವರು ತೋರಿಸಿದ ಮಾದರಿ ತಿರುಪು ಕನ್ನಡಿಯಂತೆ ಹೊಳೆಯುತ್ತಿತ್ತು. ದುರ್ಗವ್ವನ ಅಪ್ಪ ದ್ಯಾಮಪ್ಪ ಊರೂರು ತಿರುಗಿ, ಸವೆದ ಬೀಸುಕಲ್ಲುಗಳನ್ನು ಉಳಿಯಿಂದ ಕುಟ್ಟಿ ಒರಟು ಮಾಡಿಕೊಡುತ್ತಿದ್ದವನು. ಅವಳಿಗೆ ಅನುಮಾನ ಬಂತು.

"ಡಾಕ್ಟರ ಬಾಯಾರ, ಇಷ್ಟ ನುಣ್ಣಗಿದ್ರ ಹಿಡಿತೈತೇನ್ರಿ? ನುಣ್ಣನ ಕಲ್ಲು ಕಾಳು ಹಿಡಿಯಂಗಿಲ್ಲ."

"ಇದು ಬೀಸುಕಲ್ಲಲ್ಲ ಕಣಮ್ಮ," ಎಂದು ಡಾಕ್ಟರ್ ನಕ್ಕರು.

ಅಂಥದ್ದನ್ನೇ ಕೂರಿಸಿದರು. ಮೂರು ತಿಂಗಳಿಗೆ ತಿರುಪು ನಾಲಿಗೆ ತಾಗಿದರೆ ಅಲುಗಿತು. ಎಕ್ಸ್‌ರೇಯಲ್ಲಿ ಅದರ ಸುತ್ತ ಕಪ್ಪು ಗೆರೆ. ಮೂಳೆ ಹತ್ತಿರ ಬಂದು, ಹಿಡಿಯಲು ಏನೂ ಸಿಗದೆ ಹಿಂದೆ ಸರಿದಿತ್ತು. ಡಾಕ್ಟರ್ ಎರಡೇ ಬೆರಳಲ್ಲಿ ಅದನ್ನು ಕಿತ್ತು ತೆಗೆದರು. ಸುದ್ದಿ ತಿಳಿದ ಬಾಳೇಶ ಬೀದಿಯಲ್ಲಿ ನಿಂತು ಚಪ್ಪಾಳೆ ತಟ್ಟಿದ: "ನಾ ಮುಟ್ಟದನ ಉದುರೈತಿ!"

ಕುಳಿ ಮಾಯ್ದ ಮೇಲೆ ಡಾಕ್ಟರ್ ಬೇರೆ ತಿರುಪು ತರಿಸಿದರು. ಮೊನೆ ಚೂಪು, ಸುತ್ತುಗಳು ಆಳ, ಮೈಯೆಲ್ಲ ಮಂಕು.

"ಅವತ್ತೇ ನಿಮ್ಮ ಮಾತು ಕೇಳ್ಬೇಕಿತ್ತು ದುರ್ಗವ್ವ. ಇದಕ್ಕೆ ಮರಳು ಹೊಡೆದು, ಆಸಿಡ್‌ನಲ್ಲಿ ಅದ್ದಿ ತರಿತರಿ ಮಾಡಿದಾರೆ. ಆಳದ ಸುತ್ತು ಮೊದಲ ದಿನಾನೇ ಕಚ್ಕೊಳ್ಳುತ್ತೆ, ಒರಟು ಮೈಗೆ ಹೊಸ ಮೂಳೆ ಹತ್ಕೊಳ್ಳುತ್ತೆ."

"ನಮ್ಮಪ್ಪನ ಕೆಲಸ ಅನ್ರಿ."

ಡ್ರಿಲ್ಲು ಮೂಳೆಯನ್ನು ಕೊರೆಯಿತು, ತಲೆಬುರುಡೆಯೆಲ್ಲ ಗುಂಯ್‌ಗುಟ್ಟಿತು. ಒಸಡನ್ನು ಮೇಲಿಂದ ಹೊಲಿದು, ನಾಲ್ಕು ತಿಂಗಳು ಆ ಜಾಗಕ್ಕೆ ಏನೂ ತಾಗಬಾರದು ಎಂದರು ಡಾಕ್ಟರ್.

ಮೂರು ತುಂಬುವಷ್ಟರಲ್ಲಿ ತಾಗಿತು. ಕುಡಿದು ಖಾನಾವಳಿಗೆ ನುಗ್ಗಿದ ಬಾಳೇಶ ಅವಳ ಜುಟ್ಟು ಹಿಡಿದು ಮುಖವನ್ನು ಗೋಡೆಗೆ ಅಪ್ಪಳಿಸಿದ. ತುಟಿ ಸೀಳಿತು. ಪಕ್ಕದ ಹಲ್ಲು ಪುಡಿಯಾಯಿತು. "ಎಲ್ಲೈತಿ ನಿನ್ನ ಕಬ್ಬಿಣದ ಹಲ್ಲು?" ಎನ್ನುತ್ತ ಅದೇ ಜಾಗಕ್ಕೆ ಗುದ್ದಿದ, ಮತ್ತೆ ಗುದ್ದಿದ. ಆಯ ತಪ್ಪಿ ಅವನು ಒರಳಿಗೆ ಕೈಯೂರಿದ್ದೇ ತಡ, ದುರ್ಗವ್ವ ಎರಡೂ ಕೈಯಲ್ಲಿ ರುಬ್ಬುಗುಂಡನ್ನೆತ್ತಿ ಆ ಕೈಯ ಮೇಲೆ ಕುಕ್ಕಿದಳು. ಬೆರಳುಗಳು ಲಟಲಟನೆ ಮುರಿದವು. ಅವನ ಕೂಗು ಬೀದಿಗೆಲ್ಲ ಕೇಳಿಸಿತು.

"ಈಗ ಉದುರಸಪಾ. ಯಾ ಕೈಲೆ ಉದುರಸ್ತಿ?" ಎಂದಳು ದಾನಮ್ಮ. ಊಟಕ್ಕೆ ಬಂದವರು ಅವನನ್ನು ಕಂಬಕ್ಕೆ ಕಟ್ಟಿ ಪೊಲೀಸರನ್ನು ಕರೆದರು.

ದುರ್ಗವ್ವ ಸೆರಗಿನಲ್ಲಿ ಬಾಯಿ ಒತ್ತಿ ಹಿಡಿದು ಡಾಕ್ಟರ ಬಳಿ ಓಡಿದಳು. "ತಿರುಪು ನಿಂತೈತೇನ್ರಿ?"

ಡಾಕ್ಟರ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಕಪ್ಪು ಗೆರೆ ಇರಲಿಲ್ಲ. ಪ್ರತಿ ಸುತ್ತಿನ ಸಂದಿಗೂ ಬಿಳಿ ಮೂಳೆ ನುಗ್ಗಿತ್ತು.

"ಬಿಟ್ಟಿಲ್ಲ ಕಣಮ್ಮ. ಬಿಟ್ಟಿಲ್ಲ," ಎಂದರು.

ತುಟಿಯ ಹೊಲಿಗೆ ಮಾಯ್ದು, ಮತ್ತೆರಡು ತಿಂಗಳು ಕಳೆದ ಮೇಲೆ, ಡಾಕ್ಟರ್ ಒಸಡು ಬಿಡಿಸಿ ತಿರುಪನ್ನು ತಟ್ಟಿದರು. ಕಲ್ಲಿಗೆ ತಟ್ಟಿದಂತೆ ಗಟ್ಟಿ ಸದ್ದು. ಹಲ್ಲನ್ನು ಅದರ ಮೇಲಿಟ್ಟು, ಬಿಗಿದು, ಕೈ ತೆಗೆದರು. ಹಲ್ಲು ನಿಂತಿತು.