ಕುಳ್ಳಮ್ಮನ ಅಡಿಟಿಪ್ಪಣಿಗಳು

ಪಾಂಡವಪುರದಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದ ಲೋಕೇಶ್ ಬೂಕನಕೆರೆಯ ಅಣ್ಣ ಬೋರಯ್ಯನ ಮನೆಯಲ್ಲೇ ಇದ್ದ. ಅವನಿಗೆ ಪತ್ತೇದಾರಿ ಕಾದಂಬರಿ ಬರೆಯುವ ಹುಚ್ಚು. ಬರೆದಷ್ಟನ್ನು ಸಂಜೆ ಅಡುಗೆಮನೆಯಲ್ಲಿ ಕೂತು ಅತ್ತಿಗೆ ಕುಳ್ಳಮ್ಮನಿಗೆ ಓದಿ ಹೇಳುತ್ತಿದ್ದ. ತಾಯಿಯಿಲ್ಲದ ಅವನನ್ನು ಸಾಕಿದವಳು ಅವಳೇ. ಮುದ್ದೆ ತೊಳಸುತ್ತಲೇ ನಡುವೆ ಬಾಯಿ ಹಾಕುತ್ತಿದ್ದಳು.

“ತಡಿಯಲಾ, ಎಣ ಇನ್ನೂ ಒಳಗೇ ಅದೆ. ಇನ್ಸ್‌ಪೆಕ್ಟ್ರಿಗೆ ಕಾಪಿ ಕೊಟ್ರು ಅಂದ್ಯಲ್ಲ, ಸಾವಿನ್ ಮನೇಲಿ ಒಲೆ ಹಚ್ಚಿದ್ದು ಯಾರು?”

ಲೋಕೇಶನಿಗೆ ನಗು ತಡೆಯುತ್ತಿರಲಿಲ್ಲ. ಕಥೆಗಿಂತ ಅವಳ ಮಾತೇ ಚೆಂದ ಎನಿಸಿ, ಒಂದೊಂದನ್ನೂ ಪುಟದ ಕೆಳಗೆ ಅಡಿಟಿಪ್ಪಣಿಯಾಗಿ ಸೇರಿಸಿದ. ಪ್ರತಿಯೊಂದರ ಕೊನೆಯಲ್ಲೂ ಅವಳ ಹೆಸರು ಹಾಕಿದ. ಅಚ್ಚಿನಲ್ಲಿ ಹೆಸರು ಕಂಡರೆ ಅತ್ತಿಗೆ ಹಿಗ್ಗುತ್ತಾಳೆ ಎಂದುಕೊಂಡು, ಅವಳನ್ನು ಕೇಳಲೇ ಇಲ್ಲ.

ತೊಂಬತ್ತನಾಲ್ಕರಲ್ಲಿ ಪುಸ್ತಕ ಬಂತು. ಓದಿದವರೆಲ್ಲ ಕೊಲೆಗಾರನನ್ನು ಮರೆತು ಅಡಿಟಿಪ್ಪಣಿಗಳನ್ನೇ ಹೇಳಿಕೊಂಡು ನಕ್ಕರು.

ಆ ಬೇಸಿಗೆಯಲ್ಲಿ ನಾಗಮಂಗಲದಲ್ಲಿ ನೆಂಟರ ಮದುವೆ. ಚಪ್ಪರದಡಿ ಕೂತಿದ್ದ ಬೋರಯ್ಯನ ಷಡ್ಡಕನ ಮಗ ಕೃಷ್ಣ, ಪುಸ್ತಕ ತೆಗೆದು ಎಲ್ಲರಿಗೂ ಕೇಳುವಂತೆ ಓದಿದ: “ಗೊರಕೆ ಹೊಡೆಯೋ ಗಂಡನ್ನ ಕಟ್ಕೊಂಡೋಳು ಕೊಲೆ ಮಾಡೋಕೆ ಬ್ಯಾರೆ ಕಾರಣ ಬೇಕಾ? ನಾನು ಇಪ್ಪತ್ತು ವರ್ಸದಿಂದ ತಡ್ಕಂಡಿವ್ನಿ. — ಕುಳ್ಳಮ್ಮ.”

ಚಪ್ಪರವೆಲ್ಲ ನಕ್ಕಿತು. ಯಾರೋ ಬೋರಯ್ಯನ ಬೆನ್ನು ತಟ್ಟಿ, “ಉಷಾರಾಗಿರಪ್ಪ” ಎಂದರು. ಬೋರಯ್ಯ ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದ. ಅಂದಿನಿಂದ ಅವನ ಹಾಸಿಗೆ ತೋಟದ ಪಂಪ್‌ಸೆಟ್ ಮನೆಗೆ ಹೋಯಿತು.

ಲೋಕೇಶ್ ಅತ್ತಿಗೆಯ ಮುಂದೆ ನಿಂತು, “ತಪ್ಪಾಯ್ತು ಅತ್ಗಮ್ಮ” ಎಂದ.

“ಅಡ್ಗೆಮನೇಲಿ ಆಡಿದ್ ಮಾತು ಕಣ್ಲಾ ಅದು. ನಿಮ್ಮಣ್ಣನ ಮುಂದೇನೇ ಅಂದು, ಇಬ್ರೂ ನಕ್ಕಿದ್ದೋ. ಊರ್ ಮುಂದೆ ಓದುಸ್ಬುಟ್ಟೆ,” ಎಂದಳು. ಬೈಯಲಿಲ್ಲ.

ಅಣ್ಣನ ಬಳಿ ಹೋಗಿ ಕ್ಷಮೆ ಕೇಳಿದಾಗ ಅವನು, “ನಿಂದೇನಿಲ್ಲ ಬುಡು” ಎಂದಷ್ಟೇ ಹೇಳಿ ಗದ್ದೆಗೆ ನೀರು ತಿರುಗಿಸಲು ಎದ್ದ. ಮಳೆಗಾಲಕ್ಕೆ ಹಾಸಿಗೆ ಒಳಗೆ ಬಂತು. ಮಾತು ಮಾತ್ರ ಮೊದಲಿನಂತಾಗಲಿಲ್ಲ.

ಮರುವರ್ಷ ಪ್ರಕಾಶಕರು ಇನ್ನೊಂದು ಕಾದಂಬರಿ ಕೇಳಿದರು, ಅಡಿಟಿಪ್ಪಣಿ ಇರಲೇಬೇಕು ಎಂದರು. ಲೋಕೇಶ್ ತಾನೇ ಬರೆದು ನೋಡಿದ. ಮೇಷ್ಟ್ರ ಮಾತಿನಂತಿದ್ದವು, ಹರಿದು ಹಾಕಿದ. ಮತ್ತೆ ಅಡುಗೆಮನೆಯಲ್ಲಿ ಕೂತು ಅತ್ತಿಗೆಗೆ ಓದಿದ. ಅಚ್ಚು ಹಾಕಿಸುವ ಆಸೆ ಅವನಿಗೆ ಉಳಿದಿರಲಿಲ್ಲ. ಅವಳು ಒಮ್ಮೆ ಬಾಯಿ ಹಾಕಿದರೆ ಸಾಕಿತ್ತು. ಪ್ರತಿ ಅಧ್ಯಾಯಕ್ಕೂ ಅವಳು, “ಚೆನ್ನಾಗದೆ” ಎನ್ನುತ್ತಿದ್ದಳು.

ಕೊನೆಗೊಂದು ಸಂಜೆ ಬೇಕೆಂದೇ, ಪತ್ತೇದಾರ ಗೊಡ್ಡು ಎಮ್ಮೆಯ ಹಾಲು ಕರೆದು ಕುಡಿದನೆಂದು ಓದಿದ. ಕುಳ್ಳಮ್ಮನ ಕೈಯಲ್ಲಿದ್ದ ಮುದ್ದೆಕೋಲು ನಿಂತಿತು. ತುಟಿ ಒಂದಿಷ್ಟು ಅಲುಗಿತು. ಲೋಕೇಶ್ ಓದುವುದನ್ನು ನಿಲ್ಲಿಸಿ ಕಾದ.

“ಮುಂದಕ್ಕೆ ಓದಪ್ಪ,” ಎಂದಳು.

“ಅದ್ರಲ್ಲೊಂದು ತಪ್ಪದೆ ಅತ್ಗಮ್ಮ.”

“ಗೊತ್ತಾಯ್ತು. ತಿದ್ಕೊ.”

ಅವನು ಪೆನ್ನು ತೆಗೆದು ತಿದ್ದಿದ. ಅವಳು ಮುದ್ದೆ ಕಟ್ಟಿ ತಟ್ಟೆಗೆ ಹಾಕಿ, ಗಂಡನನ್ನು ಊಟಕ್ಕೆ ಕರೆಯಲು ಹೊರಗೆ ಹೋದಳು.